ಚಿಪಾ ಸುನಿಲ್ದಾ ಮತ್ತು ವಿಲ್ಯಾ ಅಲ್ಸಿರಾದ ಗೇಟು

ವಿಲ್ಯಾ ಅಲ್ಸಿರಾದಲ್ಲಿ ರೈಲ್ವೆ ಗೇಟು ಬಿತ್ತೆಂದರೆ ಎಲ್ಲರ ಮುಖ ಗಂಟಿಕ್ಕಿಕೊಳ್ಳುತ್ತಿತ್ತು, ಸುನಿಲ್ದಾಳದ್ದೊಂದನ್ನು ಬಿಟ್ಟು. ಗಂಟೆ ಬಾರಿಸತೊಡಗಿದ್ದೇ ತಡ, ಅವಳು ಬುಟ್ಟಿಯನ್ನು ತಲೆಗೇರಿಸಿಕೊಂಡು ನಿಂತ ಕಾರುಗಳ ನಡುವೆ ನುಗ್ಗುತ್ತಿದ್ದಳು. ಮರಗೆಣಸಿನ ಹಿಟ್ಟಿಗೆ ಚೀಸು, ಮೊಟ್ಟೆ ಕಲಸಿ ಬಳೆಯಂತೆ ತಿರುವಿ ಬೇಯಿಸಿದ ಚಿಪಾ ಅವಳ ದೇಶವಾದ ಪರಾಗ್ವೆಯ ತಿಂಡಿ. ಗಂಡನ ಜೊತೆ ಬ್ವೇನೋಸ್ ಐರಿಸ್‌ನ ಈ ಹೊರವಲಯಕ್ಕೆ ಬಂದಾಗ ಅವಳಿನ್ನೂ ಎಳೇ ಹೆಂಗಸು. ಗಾರೆ ಕೆಲಸದ ಗಂಡ ಸಾರುವೆಯಿಂದ ಬಿದ್ದು ತೀರಿಕೊಂಡ ಮೇಲೆ ಮಗಳು ನಿಲ್ಸಾಳನ್ನು ಸಾಕಿ, ಓದಿಸಿ, ನರ್ಸ್ ಮಾಡಿದ್ದು ಈ ಗೇಟಿನ ಬುಡದಲ್ಲೇ.

ಆ ಗೇಟಿನ ಕಂಬ ಅರ್ಧ ರಸ್ತೆಗಷ್ಟೇ ಅಡ್ಡ ಬೀಳುತ್ತಿತ್ತು. ಉಳಿದರ್ಧ ಖಾಲಿ. ಸ್ವಲ್ಪ ಎಡಕ್ಕೆಳೆದು ಬಲಕ್ಕೆ ತಿರುಗಿಸಿದರೆ ಯಾವ ಗಾಡಿಯಾದರೂ ನುಸುಳಿಹೋಗಬಹುದಿತ್ತು. ಅದು ಸಾಲದೆಂಬಂತೆ, ರೈಲೇ ಇಲ್ಲದಿದ್ದರೂ ಒಮ್ಮೊಮ್ಮೆ ಕಂಬ ಬಿದ್ದುಕೊಂಡೇ ಇರುತ್ತಿತ್ತು, ಗಂಟೆ ಹುಚ್ಚು ಹಿಡಿದಂತೆ ಬಡಿದುಕೊಳ್ಳುತ್ತಲೇ ಇರುತ್ತಿತ್ತು. ಹಾಗಾಗಿ ಅದನ್ನು ನಂಬುವುದನ್ನು ಜನ ಬಿಟ್ಟೇಬಿಟ್ಟಿದ್ದರು. ಮೊದಮೊದಲು ಬೈಕಿನವರು ನುಸುಳಿದರು, ಆಮೇಲೆ ಕಾರಿನವರು.

"ನಿಲ್ರೋ! ಆಚೆ ಹಳಿ ಮೇಲೆ ಇನ್ನೊಂದು ಬರ್ತಿರುತ್ತೆ!" ಎಂದು ಸುನಿಲ್ದಾ ಕೂಗುತ್ತಿದ್ದಳು.

"ನಿಂಗೇನಮ್ಮ, ನಾವಿಲ್ಲೇ ನಿಂತ್ರೆ ನಿನ್ನ ಬುಟ್ಟಿ ಖಾಲಿಯಾಗುತ್ತೆ!" ಎನ್ನುವರು ನುಸುಳುವವರು.

"ನೀನು ಸತ್ರೆ ನಾಳೆ ಯಾರಿಗೆ ಮಾರ್ಲಿ, ಕತ್ತೆ!"

ಸುತ್ತಲಿದ್ದವರು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ನಕ್ಕು, ತಲೆಯ ಮೇಲಿನ ಬುಟ್ಟಿಯನ್ನು ಕಂಕುಳಿಗಿಳಿಸಿ, ಅದೇ ಕಂಬದ ಕೆಳಗೆ ತಾನೇ ಬಗ್ಗಿ, ಹಳಿ ದಾಟಿ ಆಚೆ ಸಾಲಿಗೂ ಹೋಗಿ ಮಾರುತ್ತಿದ್ದಳು. "ಊರಿಗೆಲ್ಲ ಬುದ್ಧಿ ಹೇಳ್ತೀಯಲ್ಲ, ನೀನು ಮಾಡೋದೇನಮ್ಮ?" ಎಂದು ನಿಲ್ಸಾ ಜಗಳ ತೆಗೆದರೆ, "ನಂಗೆ ಹಳಿ ಗೊತ್ತು ಕಣೇ" ಎನ್ನುವಳು.

ಅವಳ ಖಾಯಂ ಗಿರಾಕಿಗಳಲ್ಲಿ ಒಲೆಗಾರಿಯೊ ಎಂಬ ಸಿಟಿ ಬಸ್ಸಿನ ಡ್ರೈವರೊಬ್ಬ. ಬಾಯಿ ಜೋರು, ಮನಸ್ಸು ಮೆತ್ತಗೆ. ಹತ್ತುವ ಮುದುಕಿಯರಿಗೆ ಕಾಯುತ್ತಿದ್ದ, ಸುನಿಲ್ದಾಳನ್ನು ಅಮ್ಮಾವ್ರೇ ಎಂಬಂತೆ 'ದೋನ್ಯಾ' ಎನ್ನುತ್ತಿದ್ದ. ಆದರೆ ಗಾಡಿ ತಡವಾದರೆ ಡಿಪೋದಲ್ಲಿ ಎಲ್ಲರೆದುರು ಬೈಸಿಕೊಳ್ಳಬೇಕಲ್ಲ ಎಂಬ ಸಂಕಟ ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ಅದು ಜುಲೈ ತಿಂಗಳ ಒಂದು ಬೆಳಗ್ಗೆ. ಅಲ್ಲಿಗದು ನಡು ಚಳಿಗಾಲ. ಎದುರಿನ ಔಷಧಿ ಅಂಗಡಿಯ ಹಸಿರು ದೀಪವೂ ಕಾಣದಷ್ಟು ಮಂಜು. ಕಂಬ ಬಿದ್ದು ಬಹಳ ಹೊತ್ತಾಗಿತ್ತು, ರೈಲಿನ ಸುಳಿವಿರಲಿಲ್ಲ. ಒಲೆಗಾರಿಯೊನ ಬಸ್ಸು ಸಾಲಿನ ಮುಂದೆಯೇ ನಿಂತಿತ್ತು. ಸುನಿಲ್ದಾ ಕಿಟಕಿಯಿಂದ ಅವನಿಗೆ ಚಿಪಾ ಕೊಟ್ಟಳು.

"ಇವತ್ತೂ ಕೆಟ್ಟಿದೆ ಅನ್ಸುತ್ತೆ ದೋನ್ಯಾ, ಇದರ ಮನೆ ಹಾಳಾಗ" ಎಂದ ಅವನು, ಬಾಯ್ತುಂಬ ಅಗಿಯುತ್ತ.

"ಕೆಟ್ಟಿದ್ರೆ ಕೆಟ್ಟಿರ್ಲಿ, ಕೂತ್ಕೋ. ಮಂಜು ನೋಡ್ಲಿಲ್ವಾ?"

ಹಿಂದಿನಿಂದ ಹಾರ್ನುಗಳು ಅರಚಿದವು. ಬಸ್ಸಿನೊಳಗಿಂದ ಯಾರೋ "ಹೊರಡಪ್ಪಾ, ಫ್ಯಾಕ್ಟರಿ ಗೇಟು ಮುಚ್ತಾರೆ!" ಎಂದರು. ಒಲೆಗಾರಿಯೊ ಎರಡೂ ಕಡೆ ಒಮ್ಮೆ ಕಣ್ಣು ಹಾಯಿಸಿದ. ಕಂಡದ್ದು ಮಂಜು ಮಾತ್ರ. ಸ್ಟಿಯರಿಂಗ್ ತಿರುಗಿಸಿ, ಕಂಬವನ್ನು ಬಳಸಿ ಹಳಿಯ ಮೇಲೆ ನುಗ್ಗಿಸಿಯೇಬಿಟ್ಟ.

ಆಚೆ ಬದಿಯ ರಸ್ತೆಯಲ್ಲಿ ಸಿಗ್ನಲ್ ಕೆಂಪಾಗಿ ಲಾರಿಗಳು ಒತ್ತೊತ್ತಾಗಿ ನಿಂತಿರುವುದು ಅವನಿಗೆ ಕಂಡಿದ್ದು ಹಳಿಯ ಮೇಲೆ ಬಂದ ಮೇಲೆಯೇ. ಬಸ್ಸಿನ ಮೂತಿ ಆಚೆಗೆ ಹೋಯಿತು, ಹಿಂಭಾಗ ಎರಡನೇ ಹಳಿಯ ಮೇಲೇ ಉಳಿಯಿತು. ಹಿಂದಕ್ಕೆ ತೆಗೆಯೋಣವೆಂದರೆ ಅವನ ಬೆನ್ನಿಗೇ ನುಸುಳಿ ಬಂದ ಬಿಳಿ ಕಾರೊಂದು ಬಂಪರಿಗೆ ಅಂಟಿಕೊಂಡು ನಿಂತಿತ್ತು.

ಒಳಗಿದ್ದವರು ಮೊದಲು ನಕ್ಕರು. ಒಬ್ಬ ಶಿಳ್ಳೆ ಹೊಡೆದ. ಸುನಿಲ್ದಾಳಿಗೆ ನಗು ಬರಲಿಲ್ಲ. ಬುಟ್ಟಿಯನ್ನು ರಸ್ತೆಯ ಮೇಲೇ ಬಿಟ್ಟು ಓಡಿದಳು. ಕಾರಿನ ಬಾನೆಟ್ಟಿಗೆ ಎರಡೂ ಕೈಯಿಂದ ಗುದ್ದಿ "ಹಿಂದಕ್ಕೆ ತಗೊಳ್ಳೋ!" ಎಂದು ಕಿರುಚಿದಳು. ಅವನು ಗಡಿಬಿಡಿಯಲ್ಲಿ ಗೇರು ಹುಡುಕುತ್ತಿರುವಾಗಲೇ ಬಸ್ಸಿನ ಮುಂಬಾಗಿಲಿಗೆ ಹೋಗಿ ಬಡಿದಳು.

"ಬಾಗಿಲು ತೆಗಿ! ಜನಾನ ಇಳ್ಸು!"

"ಈಗ ಸಿಗ್ನಲ್ ಬಿಡುತ್ತೆ ದೋನ್ಯಾ, ಸುಮ್ನಿರಿ! ನಡುರಸ್ತೇಲಿ ಇಳ್ಸೋ ಹಾಗಿಲ್ಲ!"

"ಒಲೆಗಾರಿಯೊ, ನಿನ್ನ ತಾಯಾಣೆ, ತೆಗಿ!"

ಆಗ ಮಂಜಿನೊಳಗಿಂದ ರೈಲು ಕೂಗಿತು. ಎಲ್ಲಿಂದಲೋ ದೂರದ ಕೂಗಲ್ಲ, ಇಲ್ಲೇ ಪಕ್ಕದ ಓಣಿಯಿಂದ ಬಂದಂತಿತ್ತು. ಒಲೆಗಾರಿಯೊ ಎರಡೂ ಬಾಗಿಲು ತೆರೆದ. "ಇಳೀರಿ! ಎಲ್ಲ ಇಳೀರಿ!" ಎಂದು ಕೂಗಿದ. ಜನ ಒಬ್ಬರ ಮೇಲೊಬ್ಬರು ಬಿದ್ದು ಹೊರಗೆ ಉರುಳಿದರು. ಚೀಲ, ಛತ್ರಿ, ಒಂದು ಚಪ್ಪಲಿ ಹಳಿಯ ಮೇಲೆ ಚೆಲ್ಲಾಡಿದವು. ಹಿಂದಿನ ಸೀಟಿನಲ್ಲಿ ಒಬ್ಬ ಮುದುಕಿ ಮಾತ್ರ ಎದುರಿನ ಕಂಬಿಯನ್ನು ತಬ್ಬಿಕೊಂಡು ಕಣ್ಣು ಮುಚ್ಚಿ ಕೂತಿದ್ದಳು. ಅಲುಗಾಡಲಿಲ್ಲ.

ಸುನಿಲ್ದಾ ಒಳಗೆ ಹತ್ತಿದಳು. ಮುದುಕಿಯ ಬೆರಳುಗಳನ್ನು ಒಂದೊಂದಾಗಿ ಕಿತ್ತಳು. ಅಷ್ಟರಲ್ಲಿ ಒಲೆಗಾರಿಯೊ ಹಿಂದಿನಿಂದ ಬಂದು ಮುದುಕಿಯನ್ನು ಮೂಟೆಯಂತೆ ಎತ್ತಿಕೊಂಡ. ಮೂವರೂ ಹಿಂಬಾಗಿಲಿನಿಂದ ಬಿದ್ದೆವೋ ಎದ್ದೆವೋ ಎಂಬಂತೆ ಹಾರಿ ಜಲ್ಲಿಕಲ್ಲಿನ ಮೇಲೆ ತೆವಳಿದರು. ಬೆನ್ನ ಹಿಂದೆ ಆದ ಸದ್ದು ಕಿವಿಗಿಂತ ಮೊದಲು ಅವಳ ಎದೆಗೆ ಬಡಿಯಿತು. ಗಾಜು ಮಳೆಯಂತೆ ಸುರಿಯಿತು.

ಬಸ್ಸಿನ ಹಿಂಭಾಗ ಔಷಧಿ ಅಂಗಡಿಯ ಗೋಡೆಗೆ ಹೋಗಿ ಒರಗಿತ್ತು. ಬಸ್ಸಿನವರು ಯಾರೂ ಸತ್ತಿರಲಿಲ್ಲ. ಬಿಳಿ ಕಾರು ಗೇಟಿನಾಚೆಗೆ ಹಿಂದೆ ಸರಿದಿತ್ತು. ಆದರೆ ರೈಲಿನ ಮುಂಭಾಗ ನುಜ್ಜುಗುಜ್ಜಾಗಿ, ಅದರೊಳಗಿಂದ ಒಬ್ಬ ಮನುಷ್ಯ ನರಳುವುದು ಕೇಳಿಸುತ್ತಿತ್ತು. ಇಷ್ಟು ವರ್ಷ ಸುನಿಲ್ದಾ ಕಂಡದ್ದು ರೈಲಿನ ಮುಖವನ್ನಷ್ಟೇ. ಅದರೊಳಗೆ ಬ್ರೇಕು ಹಿಡಿದು, ನಿಲ್ಲಿಸಲಾರದೆ ನೋಡುತ್ತ ಕೂರುವ ಒಬ್ಬನಿರುತ್ತಾನೆಂದು ಅವಳಿಗೆ ಹೊಳೆದೇ ಇರಲಿಲ್ಲ. ಲೌತಾರೊ ಎಂದು ಆ ಚಾಲಕನ ಹೆಸರು. ಅವನ ಎರಡೂ ಕಾಲು ಮುರಿದಿದ್ದವು.

ಕೇಸು ನಡೆಯಿತು. ವಿಚಾರಣೆಯ ಹಿಂದಿನ ವಾರ ಒಲೆಗಾರಿಯೊನ ಹೆಂಡತಿ ಮಿರ್ತಾ ಸುನಿಲ್ದಾಳ ಮನೆಗೆ ಬಂದಳು. ಕೂರಲಿಲ್ಲ, ಬಾಗಿಲಲ್ಲೇ ನಿಂತಳು.

"ಕಂಬ ಮೇಲಿತ್ತು ಅಂದ್ಬಿಡಿ ದೋನ್ಯಾ. ಮಂಜಲ್ಲಿ ಯಾರಿಗೆ ಗೊತ್ತಾಗುತ್ತೆ? ಆ ಗೇಟು ದಿನಾ ಸುಳ್ಳು ಹೇಳುತ್ತೆ. ನೀವೊಂದ್ಸಲ ಹೇಳಿದ್ರೆ ತಪ್ಪೇನು?"

"ನಿಲ್ಲಿಸೋಕಾಗ್ದೆ ನೋಡ್ತಾ ಕೂತಿದ್ದ ಆ ರೈಲಿನವನಿಗೆ ಏನನ್ಲಿ ತಾಯಿ?"

"ನನ್ನ ಗಂಡ ಓಡಿಹೋಗ್ಲಿಲ್ಲ. ನಿಮ್ಮ ಜೊತೆ ನಿಂತು ಆ ಮುದುಕೀನ ಇಳಿಸಿದ."

"ಅದನ್ನೂ ಹೇಳ್ತೀನಿ" ಎಂದಳು ಸುನಿಲ್ದಾ. "ಆದ್ರೆ ಕಂಬ ಕೆಳಗಿತ್ತು, ಮಿರ್ತಾ."

ಮಿರ್ತಾ ಬಂದ ದಾರಿಯಲ್ಲೇ ಹೊರಟುಹೋದಳು.

ಕೋರ್ಟಿನಲ್ಲಿ ಅವಳು ಎಲ್ಲವನ್ನೂ ಹೇಳಿದಳು. ಕಂಬ ಬಿದ್ದಿತ್ತು, ಅವನು ಬಳಸಿಕೊಂಡು ಹೋದ. ಜನ ಇಳಿಯುವವರೆಗೂ ಅವನು ಜಾಗ ಬಿಡಲಿಲ್ಲ. ರೈಲಿಲ್ಲದಾಗಲೂ ಬೀಳುವ ಆ ಕಂಬವನ್ನು ಸರಿಮಾಡಿ ಎಂದು ಅಲ್ಲಿಯ ಅಂಗಡಿಯವರೆಲ್ಲ ಬಾಯಿ ನೋಯುವಷ್ಟು ಹೇಳಿದ್ದರು, ಯಾರೂ ಬರಲಿಲ್ಲ.

ನ್ಯಾಯಾಧೀಶೆ ಕೇಳಿದರು: "ಗೇಟು ಮುಚ್ಚಿದಾಗ ನೀವು ಹಳಿ ದಾಟ್ತಿದ್ರಾ?"

"ದಿನಾ ದಾಟ್ತಿದ್ದೆ, ಅಮ್ಮಾ."

ಕೋರ್ಟಿನ ಹಿಂಬೆಂಚಿನಲ್ಲಿ ಕೂತಿದ್ದ ನಿಲ್ಸಾ ತಲೆ ತಗ್ಗಿಸಿದಳು.

ಒಲೆಗಾರಿಯೊನ ಲೈಸೆನ್ಸು ಹೋಯಿತು. ಆದರೆ ಕಡೆಗೆ ಜೈಲು ತಪ್ಪಿತು. ಗೇಟಿಗೆ ರಸ್ತೆ ಪೂರ್ತಿ ಮುಚ್ಚುವ ಕಂಬಗಳು ಬಂದವು. ಸುನಿಲ್ದಾ ಹಳಿಯ ಒಂದೇ ಬದಿಯಲ್ಲಿ ನಿಂತು ಮಾರತೊಡಗಿದಳು. ಆಚೆ ಬದಿಯ ಗಿರಾಕಿಗಳನ್ನು ಇನ್ನೊಬ್ಬಳು ಹಿಡಿದುಕೊಂಡಳು.

ಒಂದು ವಸಂತದ ಸಂಜೆ ಒಲೆಗಾರಿಯೊ ನಡೆದುಕೊಂಡು ಬಂದ. ಬಾವಮೈದನ ತರಕಾರಿ ಅಂಗಡಿಯಲ್ಲಿ ಕೆಲಸ, ಕೈತುಂಬ ಮಣ್ಣು.

"ಲೌತಾರೊನ ನೋಡೋಕೆ ಹೋಗಿದ್ದೆ ದೋನ್ಯಾ" ಎಂದ. "ಊರುಗೋಲು ಹಿಡ್ಕೊಂಡು ಓಡಾಡ್ತಾನೆ. ಒಳಗೆ ಕರೀಲಿಲ್ಲ. ಬಾಗಿಲೂ ಹಾಕ್ಲಿಲ್ಲ."

"ಮತ್ತೆ ಹೋಗ್ತೀಯಾ?"

"ಹೋಗ್ಬೇಕು ಅನ್ಸುತ್ತೆ. ಒಬ್ನೇ ಹೋಗೋಕೆ ಧೈರ್ಯ ಇಲ್ಲ."

ಸುನಿಲ್ದಾ ಬುಟ್ಟಿಯ ಮೇಲಿನ ಬಟ್ಟೆ ಸರಿಪಡಿಸಿದಳು. "ಭಾನುವಾರ ನಂಗೂ ಬಿಡುವಿದೆ" ಎಂದಳು. "ಬೆಳಗ್ಗೆನೇ ಬಾ, ಮಿರ್ತಾನೂ ಕರ್ಕೊಂಡು ಬಾ."