ಆಷಾಢದಲ್ಲಿ ಬಂದ ಲಿನಕ್ಸ್

ನಾನು ಅಣ್ಣ ಎಂದು ಕರೆಯುತ್ತಿದ್ದ ಅವರು ಏನನ್ನೇ ಆಗಲಿ ಮೊದಲು ಮುಟ್ಟುತ್ತಿದ್ದುದು ಕೈಯ ಹಿಂಬದಿಯಿಂದ. ಹತ್ತಿರದ ಬ್ಲಫ್ ಎಂಬ ಊರಿನ ಪವರ್ ಹೌಸಿನಲ್ಲಿ ಕೆಲಸ. ಅಂಗೈಯಿಂದ ಮುಟ್ಟಿದರೆ ಕರೆಂಟು ಬೆರಳುಗಳನ್ನು ಬಿಗಿದು ಹಿಡಿದುಬಿಡುತ್ತದೆ, ಹಿಂಬದಿಯಿಂದಾದರೆ ಕೈ ತಾನೇ ಹಿಂದೆ ಬರುತ್ತದೆ ಎನ್ನುತ್ತಿದ್ದರು. ಸರಿ, ಕಂಪ್ಯೂಟರನ್ನು ಹಾಗೆ ಮುಟ್ಟಲಿ. ಟೀ ಲೋಟವನ್ನೂ, ನನ್ನ ಅಂಗಡಿಯ ಪ್ಲಾಸ್ಟಿಕ್ ಕುರ್ಚಿಯನ್ನೂ ಹಾಗೆಯೇ ಮುಟ್ಟಿ ನೋಡಿ ಕೂರುವುದನ್ನು ಕಂಡರೆ ನನಗೆ ನಗು ತಡೆಯುತ್ತಿರಲಿಲ್ಲ.

ಮಳವಳ್ಳಿ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಪುಟ್ಟ ಡಿಟಿಪಿ ಅಂಗಡಿ. ಮದುವೆ, ಗೃಹಪ್ರವೇಶ, ಬೀಗರೂಟ, ತಿಥಿ, ಎಲ್ಲದಕ್ಕೂ ಕಾರ್ಡು ಮಾಡಿಕೊಡುತ್ತೇನೆ. ನಮ್ಮ ಕಡೆ ಹೊಸ ಮಾದರಿ ಕೇಳುವವರು ಕಡಿಮೆ. ದೊಡ್ಡವನ ಮದುವೆಯಲ್ಲಿ ಮಾಡಿಕೊಟ್ಟಿದ್ದೆಯಲ್ಲ, ಅದೇ ಇರಲಿ, ಹೆಸರು ಬದಲಾಯಿಸು ಎನ್ನುತ್ತಾರೆ. ಹಳೆಯ ಕಾರ್ಡು ತೆರೆಯುವುದು, ಹೆಸರು ಬದಲಿಸುವುದು, ಇದೇ ನನ್ನ ಕಸುಬು. ಆ ಕಾರ್ಡುಗಳೆಲ್ಲ ಇದ್ದದ್ದು ವಿಂಡೋಸ್‌ನಲ್ಲಿ ಮಾತ್ರ ಓಡುವ ಒಂದು ಹಳೇ ಕನ್ನಡ ಪ್ರೋಗ್ರಾಮಿನಲ್ಲಿ.

ನನ್ನ ಕಂಪ್ಯೂಟರಿಗೂ ವಯಸ್ಸಾಗಿತ್ತು. ಹೊಸ ವಿಂಡೋಸ್ ಅದರಲ್ಲಿ ಕೂರುವುದಿಲ್ಲ ಎಂದು ಗೊತ್ತಾದಾಗ ಈ ಅಣ್ಣನಿಗೆ ಹಬ್ಬ. ಅವರು ಲಿನಕ್ಸ್ ಭಕ್ತರು. ಅದು ಯಾರೂ ಬೀಗ ಹಾಕದ ವ್ಯವಸ್ಥೆ, ಯಾರು ಬೇಕಾದರೂ ಬಿಚ್ಚಿ ನೋಡಿ ರಿಪೇರಿ ಮಾಡಬಹುದು, ಅದೇ ಸ್ವಾತಂತ್ರ್ಯ ಎಂದು ವಾರದ ರಜೆಯಲ್ಲಿ ಬ್ಲಫ್‌ನಿಂದ ಬಸ್ಸು ಹತ್ತಿ ಬಂದು ನನಗೆ ಉಪದೇಶ ಮಾಡುತ್ತಿದ್ದರು. ಆಷಾಢ ಬರಲಿ ಎಂದರು. ಆಷಾಢದಲ್ಲಿ ಮದುವೆಯಿಲ್ಲ, ಕಾರ್ಡಿನ ಅಂಗಡಿಗೆ ನೊಣವೂ ಬರುವುದಿಲ್ಲ. ಬಂತು. ಕಾರ್ಡುಗಳನ್ನು ಬೇರೆಡೆ ತೆಗೆದಿಟ್ಟು ವಿಂಡೋಸ್ ಅಳಿಸಿದರು, ಲಿನಕ್ಸ್ ಹಾಕಿದರು. ಕಂಪ್ಯೂಟರು ಎಳೆಗರುವಿನ ಹಾಗೆ ಓಡತೊಡಗಿತು. ನಾನು ಒಂದು ಹಳೆಯ ಬೀಗರೂಟದ ಕಾರ್ಡು ತೆರೆದೆ. ಆ ಹಳೇ ಪ್ರೋಗ್ರಾಮು ಇಲ್ಲದೆ ಕನ್ನಡವೇ ಇಲ್ಲ, ಪರದೆ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ.

ಅಲ್ಲಿಗೆ ನನ್ನ ಕಸುಬು ಮುಗಿಯಿತು ಅನ್ನಿಸಿತು. ಅಣ್ಣ ಮಾತ್ರ ಹೋದದ್ದು ಹೋಯಿತು, ಎಲ್ಲವನ್ನೂ ಹೊಸದಾಗಿ ಮಾಡು ಎಂದು ಹಾಯಾಗಿ ಹೇಳಿದರು. ವಿಂಡೋಸ್ ಪ್ರೋಗ್ರಾಮುಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಒಂದು ಪದರವಿದೆಯಂತೆ. ಪ್ರೋಗ್ರಾಮು ಕೇಳಿದ್ದನ್ನೆಲ್ಲ ಲಿನಕ್ಸ್‌ಗೆ ತಿಳಿಯುವ ಹಾಗೆ ಅದು ತಿರುಗಿಸಿ ಹೇಳುತ್ತದಂತೆ. ಆದರೆ ಅದನ್ನು ಹಾಕಲಾರೆ ಎಂದು ಪಟ್ಟು ಹಿಡಿದರು.

"ಅಳೇದು ಇಲ್ಲೂ ಓಡ್ತದೆ ಅಂದ್ಮೇಲೆ ಒಸದ್ನ ಯಾರವ್ವ ಮಾಡಾರು?"

ಶ್ರಾವಣಕ್ಕೆ ಇನ್ನೇನು ವಾರವಿದೆ ಎನ್ನುವಾಗ ಕಿರುಗಾವಲಿನಿಂದ ಒಂದು ಮನೆಯವರು ಬಂದರು. ಎರಡನೇ ಮಗನ ಮದುವೆ, ಮೊದಲನೆಯವನ ಕಾರ್ಡೇ ಆಗಬೇಕು. ನಾಳೆ ಬನ್ನಿ ಎಂದು ಅವರನ್ನು ಸಾಗಹಾಕಿ, ಅಣ್ಣನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ.

"ನಿನ್ ಸ್ವಾತಂತ್ರ್ಯ ನೀನೇ ಮಡಿಕೊ ಕಣಣ್ಣ. ನನ್ ಕಾರ್ಡ್ ನಂಗೆ ಕೊಡು."

ಮರುದಿನ ನಾನು ಅಂಗಡಿ ಬಾಗಿಲು ತೆಗೆಯುವ ಮುಂಚೆಯೇ ಅಣ್ಣ ಬಂದು ಮೆಟ್ಟಿಲ ಮೇಲೆ ಕೂತಿದ್ದರು. ಮುಖ ಊದಿಸಿಕೊಂಡೇ ಪದರ ಹಾಕಿದರು, ಹಳೆಯ ಪ್ರೋಗ್ರಾಮು ಹಾಕಿದರು. ಮೊದಲು ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾದವು. ಊಟಕ್ಕೂ ಏಳದೆ ಗುದ್ದಾಡಿದರು. ಸಂಜೆಯ ಹೊತ್ತಿಗೆ ಕಿರುಗಾವಲಿನವರ ಕಾರ್ಡು ಗಣಪತಿಯ ಸಮೇತ ಪರದೆಯ ಮೇಲೆ ಬಂತು. ನನಗೆ ಕಣ್ಣಲ್ಲಿ ನೀರು. ಅಣ್ಣ ಏನೋ ತಪ್ಪು ಮಾಡಿದವರ ಹಾಗೆ ಕೂತಿದ್ದರು.

ಆಮೇಲೆ ಒಂದು ಕರಾರು ಹಾಕಿದರು. ಹಳೆಯ ಕಾರ್ಡು ಪದರದಲ್ಲಿ, ಹೊಸ ಮಾದರಿ ಮಾತ್ರ ಲಿನಕ್ಸ್‌ನದೇ ಪ್ರೋಗ್ರಾಮಿನಲ್ಲಿ. ನನಗೋ ಅದು ಬೇಡದ ಕೆಲಸ, ಗೊಣಗಿಕೊಂಡೇ ಕಲಿತೆ. ಅದರಲ್ಲಿ ಕನ್ನಡ ಎಲ್ಲೆಲ್ಲಿ ಎಡವುತ್ತದೆ ಎಂದು ನಾನು ತೋರಿಸುವುದು, ಅವರು ತಮ್ಮ ಮುರುಕು ಇಂಗ್ಲಿಷಿನಲ್ಲಿ ಅದನ್ನು ಪ್ರೋಗ್ರಾಮು ಮಾಡಿದವರಿಗೆ ಬರೆಯುವುದು. ಎಷ್ಟೋ ತಿಂಗಳ ಮೇಲೆ ಒಂದು ಎಡವಟ್ಟು ಸರಿಯಾಗಿ ಬಂದಾಗ ಅಣ್ಣ ಬೀದಿಗೆಲ್ಲ ಟೀ ಕುಡಿಸಿದರು. ನನ್ನನ್ನು ನೋಡಿ ಪಕ್ಕದ ಜೆರಾಕ್ಸ್ ಅಂಗಡಿಯವನೂ ಮದ್ದೂರಿನ ನನ್ನ ತಂಗಿಯೂ ಲಿನಕ್ಸ್‌ಗೆ ಬಂದರು. ಇಬ್ಬರೂ ಮೊದಲು ಕೇಳಿದ್ದು ಒಂದೇ, ನಮ್ಮ ಹಳೆಯದು ಓಡುತ್ತದೆಯೇ ಎಂದು.

ಹೋದ ಸೀಸನ್ನಿನಲ್ಲಿ ನನಗೊಂದು ವಿಷಯ ಹೊಳೆಯಿತು. ಜನ ಕೇಳುವ ಮಾದರಿಗಳೆಲ್ಲ ಅಷ್ಟರಲ್ಲಿ ಹೊಸದರಲ್ಲೇ ಆಗಿದ್ದವು, ಆ ಸೀಸನ್ ಪೂರ್ತಿ ಹಳೆಯ ಪ್ರೋಗ್ರಾಮನ್ನು ನಾನು ಒಮ್ಮೆಯೂ ತೆರೆದಿರಲಿಲ್ಲ. ಅಣ್ಣ ಕಾದಿದ್ದ ಸುದ್ದಿ ಇದೇ ಅಲ್ಲವೇ ಎಂದು ಫೋನ್ ಮಾಡಿ, ಆ ಪದರವನ್ನು ಇನ್ನು ತೆಗೆದುಬಿಡಲೇ ಎಂದು ಕೇಳಿದೆ. ಆಗಲೇ ಹಾಸಿಗೆ ಹಿಡಿದಿದ್ದರು, ಆ ಹುಷಾರಿಲ್ಲದ ದನಿಯಲ್ಲೂ ನಕ್ಕರು.

"ಬ್ಯಾಡ ಕಣಮ್ಮ, ಇರ್ಲಿ ಬುಡು. ನೀನು ಒಳೀಕೆ ಬಂದಿದ್ದೇ ಆ ಬಾಗ್ಲಲ್ಲಿ. ಇನ್ನೂ ಬರೋರವ್ರೆ."

ತಿಂಗಳು ತುಂಬುವುದರೊಳಗೆ ಹೋಗಿಬಿಟ್ಟರು. ತಿಥಿ ಕಾರ್ಡಿಗೆ ಅವರ ಮನೆಯಾಕೆ ನನ್ನ ಹತ್ತಿರವೇ ಬಂದರು. ಯಾವುದಾದರೂ ಒಂದು ಹಳೆಯ ಕಾರ್ಡಿನಲ್ಲಿ ಹೆಸರು ಬದಲಿಸಿ ಕೊಡಮ್ಮ, ಸಾಕು ಎಂದರು. ಆಗಲಿ ಎಂದೆ. ಆದರೆ ಕೈ ಬರಲಿಲ್ಲ. ಲಿನಕ್ಸ್‌ನ ಪ್ರೋಗ್ರಾಮಿನಲ್ಲಿ ಖಾಲಿ ಹಾಳೆ ತೆರೆದು, ಮೊದಲ ಅಕ್ಷರದಿಂದ ಬರೆದೆ.