ನಿಂತ ಕುದುರೆಯ ಮೇವು

ಹಳೇಬೀಡಿನಿಂದ ಬೇಲೂರಿಗೆ ಹತ್ತು ಮೈಲಿ. ಆ ದಾರಿಯಲ್ಲಿ ಹದಿನಾರು ವರ್ಷ ಜಟಕಾ ಓಡಿಸಿದ ದೇವೀರಪ್ಪನಿಗೆ, ೧೯೬೧ರಲ್ಲಿ ಎರಡನೆಯ ಬಸ್ಸು ಬಂದ ಮೇಲೆ, ವಾರಕ್ಕೊಂದು ಬಾಡಿಗೆ ಸಿಕ್ಕರೆ ಹೆಚ್ಚು. ಅವನ ಹೆಣ್ಣುಕುದುರೆ ಕೆಂಪಿ ಕೊಟ್ಟಿಗೆಯಲ್ಲೇ ನಿಂತಿತು. ಅದರ ಮೇವನ್ನು ಮಾತ್ರ ಅವನು ಕಡಿಮೆ ಮಾಡಲಿಲ್ಲ. ದಿನಕ್ಕೆ ಎರಡು ಸೇರು ಬೇಯಿಸಿದ ಹುರುಳಿ, ಜೊತೆಗೊಂದು ಅಚ್ಚು ಬೆಲ್ಲ. ದುಡಿಯುವಾಗ ತಿನ್ನಿಸಿ, ಕೆಲಸ ತಪ್ಪಿದಾಗ ಬಾಯಿಂದ ಕಿತ್ತುಕೊಳ್ಳುವುದು ಅವನಿಂದಾಗದು.

"ಮನೆಗೆ ಬಂದ ಅಳಿಯನಿಗೂ ಇಷ್ಟು ಉಪಚಾರ ಮಾಡಾಕಿಲ್ಲ ಕಣ್ರೀ," ಎಂದು ಹೆಂಡತಿ ಅನುಸೂಯಮ್ಮ ಚುಚ್ಚುತ್ತಿದ್ದಳು.

"ಅಳಿಯ ಗಾಡಿ ಎಳೀತಾನೇನೇ?"

"ಇದೂ ಎಳೀತಿಲ್ವಲ್ಲ!"

ಎರಡು ವರ್ಷದಲ್ಲಿ ಕೆಂಪಿಯ ಕತ್ತಿನ ಮೇಲುಭಾಗ ದಿಂಬಿನಂತೆ ಉಬ್ಬಿ ಗಟ್ಟಿಯಾಯಿತು. ನೋಡಿದವರು ಒಳ್ಳೇ ಮೈಕಟ್ಟು ಎಂದರು, ದೇವೀರಪ್ಪ ಹಿಗ್ಗಿದ. ಒಂದು ಬೆಳಿಗ್ಗೆ ಅದು ಮುಂಗಾಲು ಚಾಚಿ, ಭಾರವನ್ನೆಲ್ಲ ಹಿಂಗಾಲಿಗೆ ಹಾಕಿ ನಿಂತಿತ್ತು. ಗೊರಸು ಮುಟ್ಟಿದರೆ ಬಿಸಿ. ಮೊಳೆ ಚುಚ್ಚಿರಬೇಕೆಂದು ಲಾಳ ಬಿಚ್ಚಿಸಿದ. ಶಕ್ತಿ ಬರಲೆಂದು ಹುರುಳಿಯನ್ನು ಅರ್ಧ ಸೇರು ಹೆಚ್ಚಿಸಿದ. ಮೂರನೆಯ ವಾರ ಮಲಗಿದ ಕೆಂಪಿಗೆ ಮತ್ತೆ ಏಳಲಾಗಲಿಲ್ಲ.

ಬೇಲೂರಿನಿಂದ ದನದ ಡಾಕ್ಟರು ವರದರಾಜ ಬಂದರು. ಗೊರಸಿನ ಅಡಿ ಒತ್ತಿದರು, ಕತ್ತು ಹಿಡಿದು ನೋಡಿದರು, ಏನು ಹಾಕುತ್ತಿದ್ದಿರಿ ಎಂದು ಕೇಳಿದರು. ದೇವೀರಪ್ಪ ಅಳತೆ ಸಮೇತ ಹೇಳಿದ, ಲಾಳ ಬಿಚ್ಚಿಸಿದ್ದನ್ನೂ ಹೇಳಿದ.

"ಗೊರಸಿನೊಳಗೆ ಮೂಳೆ ಕೆಳಗಿಳಿದುಬಿಟ್ಟಿದೆ. ಇನ್ನು ನಿಲ್ಲೋಲ್ಲ. ನರಳಿಸೋದಕ್ಕಿಂತ ಸೂಜಿ ಹಾಕಿ ಕಳಿಸೋದೇ ವಾಸಿ."

"ನಾನು ಹಾಕಿದ ಹುರುಳಿಯಿಂದ್ಲಾ ಸ್ವಾಮಿ?"

ಡಾಕ್ಟರು ಕೈ ಒರೆಸಿಕೊಂಡು ಹೇಳಿದರು. "ಅದೊಂದರಿಂದಲೇ ಅಂತ ಆಣೆ ಮಾಡಿ ಹೇಳಲಾರೆ. ತಿಂದದ್ದನ್ನ ಹದದಲ್ಲಿಡೋಕೆ ಮೈಯೊಳಗೆ ಗ್ರಂಥಿಗಳಿವೆ. ಕೆಲವು ಕುದುರೆಗೆ ಹುಟ್ಟಿನಿಂದ್ಲೇ ಅವು ಸೂಕ್ಷ್ಮ. ಓಡ್ತಿದ್ರೆ ಕಾಳು ಕರಗುತ್ತೆ. ನಿಂತ ಕುದುರೆಗೆ ವರ್ಷಗಟ್ಟಲೆ ಹಾಕಿದ್ರೆ ಹದ ಕೆಟ್ಟು ಕತ್ತಲ್ಲಿ ಕೊಬ್ಬು ಕಟ್ಟುತ್ತೆ, ಗೊರಸಿನೊಳಗೆ ಊತ ಬರುತ್ತೆ ಅಂತ ನನ್ನ ಅನುಮಾನ. ಬರೀ ಒಣಹುಲ್ಲು ಸಾಕಿತ್ತು."

"ಯಾರೂ ಹೇಳ್ನಿಲ್ವಲ್ಲ ಸ್ವಾಮಿ."

"ಲಾಳ ಬಿಚ್ಚಿಸಿದ ದಿನ ಕರೆದಿದ್ರೆ ಹೇಳ್ತಿದ್ದೆ."

ಬಾಗಿಲಲ್ಲಿ ನಿಂತಿದ್ದ ಅನುಸೂಯಮ್ಮ, "ಅಕ್ಕರೆಯಿಂದ ಹಾಕಿದ್ದು ಡಾಕ್ಟ್ರೇ," ಎಂದಳು.

ದೇವೀರಪ್ಪ ಕೆಳಗೆ ಕೂತು ಕೆಂಪಿಯ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡ. ಅದು ಅವನ ಅಂಗೈಯನ್ನು ಮೂಸಿತು, ತುಟಿಯಿಂದ ಬೆರಳ ಸಂದಿಯನ್ನೆಲ್ಲ ತಡಕಿತು.

"ಏನೂ ಇಲ್ಲ ಕಣವ್ವಾ," ಎಂದ.

ಡಾಕ್ಟರು ಸೂಜಿಗೆ ಔಷಧ ಏರಿಸಿಕೊಳ್ಳುವವರೆಗೂ ಅದು ತಡಕುತ್ತಲೇ ಇತ್ತು.