ಎರಡು ತೋಟೆಯ ಪಟ್ಟಿ

ನಾಳಿದ್ದು ಸಿಡ್ನಿಗೆ ಹೊರಡಬೇಕು. ಸೂಜಿ ದಾರ ಇಡುವ ಬಿಸ್ಕತ್ತಿನ ಡಬ್ಬಿ ಬ್ಯಾಗಿಗೆ ಹಾಕೋಣ ಅಂತ ಮುಚ್ಚಳ ತೆಗೆದೆ. ಕೋವಿಗೆ ಹಚ್ಚುವ ಎಣ್ಣೆಯ ವಾಸನೆ ಮೂಗಿಗೆ ಹೊಡೆಯಿತು. ದಾರದುಂಡೆಗಳ ಕೆಳಗೆ ಆ ಚರ್ಮದ ಪಟ್ಟಿ ಇತ್ತು. ಕಂದು ಬಣ್ಣ, ಅಂಗೈಯಷ್ಟು ಅಗಲ, ಒಂದು ಪಕ್ಕದಲ್ಲಿ ಎರಡು ಲೂಪು. ಮುಚ್ಚಳ ಹಾಕಿದೆ. ಮತ್ತೆ ತೆಗೆದೆ. ಬಟ್ಟೆ ಮಡಚೋ ಕೆಲಸ ಅಲ್ಲಿಗೇ ನಿಂತಿತು. ಇದನ್ನ ಬರೆಯೋಕೆ ಕೂತ ಮೇಲೂ ಮೂರು ಸಲ ಎದ್ದು ಹಿತ್ತಲಿಗೆ ಹೋಗಿ ಬಂದೆ.

ನನಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಇಲ್ಲಿ ಟಾರ್ನೀಟ್‌ನಲ್ಲಿ, ಚಿಕ್ಕವಳು ಸಿಡ್ನಿಯಲ್ಲಿ. ಮೂರು ತಿಂಗಳು ಇಲ್ಲಿ, ಮೂರು ತಿಂಗಳು ಅಲ್ಲಿ. ಎಲ್ಲಿದ್ದರೂ ಇನ್ನೊಂದು ಕಡೆ ಏನೋ ಬಿಟ್ಟು ಬಂದ ಹಾಗಿರುತ್ತೆ. ಓದಿದ್ದು ಮೂರನೇ ಕ್ಲಾಸು. ಮೈಸೂರಲ್ಲಿ ಮೂವತ್ತು ವರ್ಷ ಸ್ಕೂಲ್ ಬ್ಯಾಗು, ಬೆಲ್ಟು, ಗಾರೆ ಕೆಲಸದವರ ಚೀಲ ಹೊಲಿದೆ. ರೆಕ್ಸಿನ್ ಯಾವುದು, ಚರ್ಮ ಯಾವುದು, ಯಾವ ಜಿಪ್ಪು ಎಷ್ಟು ದಿನ ಬಾಳುತ್ತೆ, ಅಷ್ಟು ನನಗೆ ಗೊತ್ತು. ಬೇರೇನೂ ಗೊತ್ತಿಲ್ಲ.

ಪಕ್ಕದ ಮನೆಯಲ್ಲಿ ಕೊಡಗಿನ ಯಜಮಾನರು ಇದ್ದರು. ಮಗ, ಸೊಸೆ, ಅವರು. ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು. ಬೆನ್ನು ನೆಟ್ಟಗೆ, ಮೀಸೆ ಬೆಳ್ಳಗೆ. ಗ್ಯಾರೇಜಿನಲ್ಲಿ ಗೋಡೆಗೆ ಬಿಗಿದ ಕಬ್ಬಿಣದ ಪೆಟ್ಟಿಗೆ, ಅದರೊಳಗೆ ಒಂದು ಜೋಡಿನಳಿಗೆ ಕೋವಿ. ಲೈಸೆನ್ಸು, ಕ್ಲಬ್ಬು, ಎಲ್ಲ ಸರಿಯಾಗಿತ್ತು. ವೆರಿಬೀ ಊರಿನ ಆಚೆ ಬಯಲಲ್ಲಿ ಮಣ್ಣಿನ ಬಿಲ್ಲೆ ಹಾರಿಸಿ ಹೊಡೆಯುವ ಕ್ಲಬ್ಬಿಗೆ ಭಾನುವಾರ ಭಾನುವಾರ ಹೋಗೋರು. ಅವರ ಕೈಲ್ ಮುಹೂರ್ತ ಹಬ್ಬಕ್ಕೆ ಕೋವಿಯನ್ನ ಹೊರಗೆ ತೆಗೆದು ಗಂಧ ಹಚ್ಚಿ, ಊರಿನ ಹೂ ಸಿಗದೆ ಶಾಪಿಂಗ್ ಸೆಂಟರಿನ ಗುಲಾಬಿ ಇಟ್ಟು ಕೈ ಮುಗಿಯೋರು. ನನಗೂ ಒಂದು ತುಂಡು ಕಡುಬು ಬರೋದು.

ಒಂದು ಚಳಿಗಾಲ ಅವರಿಗೆ ಸ್ಟ್ರೋಕ್ ಆಯಿತು. ಕಾಲು ಉಳಿಯಿತು, ಮಾತು ಉಳಿಯಿತು. ಬಲಗೈ ಹೆಬ್ಬೆರಳೂ ಕಡೆಯ ಮೂರು ಬೆರಳೂ ಮರಗಟ್ಟಿದವು. ತೋರುಬೆರಳು ಮಾತ್ರ ನೆಟ್ಟಗಿತ್ತು, ಕೋವಿಯ ಟ್ರಿಗರ್ ಎಳೆಯೋ ಬೆರಳು. "ಕುದುರೆ ಎಳೆಯೋ ಬೆರಳು ದೇವರು ಬಿಟ್ಟಿದ್ದಾನೆ ನೋಡಮ್ಮ, ಅವನೂ ಕೊಡಗಿನೋನೇ ಇರಬೇಕು" ಅಂತ ನಕ್ಕರು.

ಕೋವಿ ಹಿಡಿಯಬಹುದು ಅಂತ ಡಾಕ್ಟರು ಒಪ್ಪಿ ಕಾಗದ ಕೊಟ್ಟರು. ತೊಂದರೆ ಆಗಿದ್ದು ತೋಟೆ ತುಂಬೋದಕ್ಕೆ. ತೋಟೆ ಅಂದರೆ ಕೋವಿಗೆ ಹಾಕುವ, ಹೆಬ್ಬೆರಳು ದಪ್ಪದ ಗುಂಡಿನ ಕೊಳವೆ. ಜೋಬಿಗೆ ಬಲಗೈ ಹಾಕಿದರೆ ಬೆರಳಿಗೆ ತೋಟೆ ಯಾವುದು, ಕರ್ಚೀಫು ಯಾವುದು ಗೊತ್ತಾಗುತ್ತಿರಲಿಲ್ಲ. ಎಡಗೈ ಹಾಕೋಣ ಅಂದರೆ ಅಷ್ಟರಲ್ಲಿ ಕೋವಿ ಕಂಕುಳಿಂದ ಜಾರೋದು. ಎರಡು ಸಲ ತೋಟೆ ಕೆಳಗೆ ಬಿತ್ತು. ಕ್ಲಬ್ಬಿನಲ್ಲಿ ಸೇಫ್ಟಿ ನೋಡಿಕೊಳ್ಳುವ ಹೆಂಗಸು ಹೇಳಿದಳಂತೆ, ಯಾರ ಸಹಾಯವೂ ಇಲ್ಲದೆ, ನಳಿಗೆ ಯಾರ ಕಡೆಗೂ ತಿರುಗದ ಹಾಗೆ ತುಂಬಿ ತೋರಿಸಿದರೆ ಸರಿ, ಇಲ್ಲದಿದ್ದರೆ ಬರಬೇಡಿ ಅಂತ.

ಅದಕ್ಕೇ ಅವರಿಗೆ ಕೋವಿಯ ಪಕ್ಕಕ್ಕೇ ತೋಟೆ ಸಿಗಿಸುವ ಸಾಮಾನು ಬೇಕಾಯಿತು. ಕಣ್ಣೆದುರಿಗೇ ಇದ್ದರೆ ಬೆರಳು ತಡಕಾಡೋದು ತಪ್ಪುತ್ತೆ.

ಶನಿವಾರ ಅವರ ಮಗ ಕಾರಲ್ಲಿ ಕೋವಿ ಅಂಗಡಿಗೆ ಕರೆದುಕೊಂಡು ಹೋದ. ನನ್ನನ್ನೂ ಕೂರಿಸಿಕೊಂಡರು, "ಹೊಲಿಗೆ ನೋಡೋಕೆ ಟೈಲರಮ್ಮ ಬೇಕು" ಅಂತ. "ಟೈಲರಲ್ಲ, ಬ್ಯಾಗಿನೋಳು" ಅಂದೆ. ಅಂಗಡಿಯ ಹುಡುಗಿ ನಾಲ್ಕು ತರ ತಂದು ಮೇಜಿನ ಮೇಲೆ ಇಟ್ಟಳು. ಒಂದು ಗಟ್ಟಿ ಪ್ಲಾಸ್ಟಿಕ್ಕು, ತೂತು ಕೊರೆದು ಸ್ಕ್ರೂ ಹಾಕಬೇಕು. ಪೂಜೆ ಮಾಡೋ ಕೋವಿಗೆ ತೂತು ಕೊರೆಯಲ್ಲ ಅಂದರು. ಇನ್ನೊಂದು ಪರಪರ ಅಂತ ಕಿತ್ತು ಅಂಟಿಸುವ ವೆಲ್ಕ್ರೋದ್ದು. ಆರು ತಿಂಗಳಿಗೆ ಅದರಲ್ಲಿ ಕಸ ತುಂಬಿ ಹಿಡಿತ ಹೋಗುತ್ತೆ, ಎಷ್ಟು ಬ್ಯಾಗಲ್ಲಿ ನೋಡಿಲ್ಲ ನಾನು. ಮೂರನೆಯದು ಎಲಾಸ್ಟಿಕ್ಕು, ಕಾಲುಚೀಲದ ಹಾಗೆ ಮರದ ಹಿಡಿಗೆ ತೊಡಿಸೋದು. ಈ ದೇಶದ ಬಿಸಿಲಿಗೆ ಕಾರಲ್ಲಿ ಬಿಟ್ಟರೆ ಎರಡೇ ಬೇಸಿಗೆ, ಸಡಿಲ. ನಾಲ್ಕನೆಯದು ಒಳ್ಳೆ ಚರ್ಮ. ಆದರೆ ಆರು ಲೂಪು, ಬಿಗಿ. ಯಜಮಾನರು ಒಂದು ತೋಟೆ ಎಳೆಯೋಕೆ ಹೋಗಿ ಮುಖ ಕೆಂಪಾಯಿತು. ಆರು ತೋಟೆ ಸಿಗಿಸಿದರೆ ಕೋವಿ ಒಂದು ಕಡೆ ವಾಲೋದು ಬೇರೆ.

"ಬಿಡಿ, ನಾನೇ ಹೊಲಿತೀನಿ" ಅಂದೆ. "ಎಷ್ಟು ಬೇಕು?"

"ಎರಡು ಸಾಕು."

ಯಾಕೆ ಎರಡೇ ಅಂತ ವಾಪಸ್ ಬರುವಾಗ ಕೇಳಿದೆ. ಒಂದು ಸಲಕ್ಕೆ ಕೋವಿಗೆ ಹೋಗೋದೇ ಎರಡು ಅಂದರು. ಆಮೇಲೆ ಇನ್ನೊಂದು ಹೇಳಿದರು. ಅವರ ಊರಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಯಾರಾದರೂ ಸತ್ತರೆ ಎರಡು ಗುಂಡು. ಊರಿಗೆಲ್ಲ ತಿಳಿಯಲಿ ಅಂತ. "ಇಲ್ಲಿ ಮನೆ ಮುಂದೆ ಹೊಡೆದರೆ ಪೊಲೀಸ್ ಬರ್ತಾರೆ. ಕ್ಲಬ್ಬಿನವರು ಒಪ್ಕೊಂಡಿದ್ದಾರಮ್ಮ. ನಾನು ಸತ್ತ ಮೇಲೆ ಬರೋ ಭಾನುವಾರ ಅಲ್ಲಿ ಎರಡು ಹೊಡೀತಾರೆ. ಆದರೆ ಅಲ್ಲಿಯವರೆಗೆ ನಾನು ಕ್ಲಬ್ಬಿನವನಾಗಿರಬೇಕಲ್ಲ." ಮುಂದೆ ಕೂತಿದ್ದ ಮಗ ರೇಡಿಯೋ ಜೋರು ಮಾಡಿದ.

ಹಳೇ ಸೋಫಾದ ಚರ್ಮ ಕತ್ತರಿಸಿದೆ. ಗ್ಯಾರೇಜಿನಲ್ಲಿ ಅವರು ಖಾಲಿ ಕೋವಿಯನ್ನ ನಡುವೆ ಬಾಗಿಸಿ ತೆರೆದು ಹಿಡಿದುಕೊಂಡರು, ನಾನು ಟೇಪು ಹಿಡಿದು ಮರದ ಹಿಡಿಯ ಅಳತೆ ತೆಗೆದೆ. ದಬ್ಬಳದಲ್ಲಿ ಎರಡೆಳೆ ಮೇಣದ ದಾರ. ಎರಡು ದಿನದ ಕೆಲಸ. ಹೊಲಿಗೆ ಚೆನ್ನಾಗಿ ಬಂತು.

ಲೂಪು ಬಲಗಡೆ ಹೊಲಿದಿದ್ದೆ.

ಅವರ ಬಲಗೈ ಸತ್ತಿದೆ, ತೋಟೆ ತೆಗೆಯೋದು ಎಡಗೈಯಲ್ಲೇ ಅಂತ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಹುಟ್ಟಿದಾಗಿನಿಂದ ಕೊಡೋದು ಬಲಗೈ, ತಗೊಳ್ಳೋದು ಬಲಗೈ, ಗಿರಾಕಿ ಎಡಗೈಯಲ್ಲಿ ದುಡ್ಡು ಚಾಚಿದರೆ ಮುಟ್ಟದವಳು ನಾನು. ಹೂ ಇಟ್ಟು ಕೈ ಮುಗಿಯೋ ಸಾಮಾನಿಗೆ ಎಡಗೈಯ ಲೂಪು ಹೊಲಿಯೋ ಯೋಚನೆಯೇ ಬರಲಿಲ್ಲ. ಅವರೂ ಗಮನಿಸಲಿಲ್ಲ, ಅವರೂ ಅದೇ ಅಭ್ಯಾಸದವರು. ಖುಷಿಯಲ್ಲಿ ಕೋವಿಗೆ ಕಟ್ಟಿಕೊಂಡು ಹೋದರು.

ಭಾನುವಾರ ಮಧ್ಯಾಹ್ನ ಬಂದರು. ಬಾಗಿಲಲ್ಲೇ ನಿಂತು ಪಟ್ಟಿ ಚಾಚಿದರು. ಕ್ಲಬ್ಬಿನ ಹೆಂಗಸಿನ ಎದುರು ಎಡಗೈ ಬಲಗಡೆಗೆ ಚಾಚೋಕೆ ಹೋಗಿ ಕೋವಿಯನ್ನೇ ತಿರುವಿದ್ದರು. ನಳಿಗೆ ಬೆಂಚಿನ ಮೇಲೆ ಕೂತವರ ಕಡೆಗೆ ಹೋಯಿತು. ತೋಟೆ ಇನ್ನೂ ಹಾಕಿರಲಿಲ್ಲ, ಆದರೂ ನಿಲ್ಲಿಸಿಬಿಟ್ಟಳು. ಮುಂದಿನ ತಿಂಗಳು ಇನ್ನೊಂದು ಸಲ ನೋಡ್ತೀನಿ, ಅದೇ ಕಡೆಯದು ಅಂದಳಂತೆ.

"ಎಡಗಡೆಗೆ ಮಾಡಿಕೊಡ್ತೀಯೇನಮ್ಮ?"

ಅಷ್ಟೇ ಕೇಳಿದ್ದು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೂವತ್ತು ವರ್ಷದಲ್ಲಿ ನನ್ನ ಕೆಲಸ ಯಾರೂ ವಾಪಸ್ ತಂದಿರಲಿಲ್ಲ, ನನಗೆ ಸಿಟ್ಟು ಬಂತು. "ಎಡಗಡೆ ಹೊಲಿದರೆ ಕೆನ್ನೆಗೆ ಒತ್ತುತ್ತೆ, ಗುರಿ ತಪ್ಪುತ್ತೆ. ಎಡಗೈಯಲ್ಲಿ ಮುಟ್ಟೋಕೆ ನಾನು ಹೊಲಿಯಲ್ಲ, ಯಜಮಾನ್ರೇ" ಅಂದುಬಿಟ್ಟೆ. ಅವರು ಪಟ್ಟಿಯನ್ನ ಚಪ್ಪಲಿ ಸ್ಟ್ಯಾಂಡಿನ ಮೇಲೆ ಇಟ್ಟು ಹೋದರು. ಗೇಟಿನ ಹತ್ತಿರ ತಿರುಗಿ, "ಸ್ವಲ್ಪ ಕೆಳಗಿಟ್ಟರೆ ಕೆನ್ನೆಗೆ ಒತ್ತಲ್ಲ" ಅಂದರು...

ಮಂಗಳವಾರ ನನಗೆ ಸಿಡ್ನಿಗೆ ಟಿಕೆಟ್ ಬುಕ್ ಆಗಿತ್ತು. ಸೋಮವಾರ ಇಡೀ ದಿನ ಇತ್ತು. ಒಂದು ದಿನದಲ್ಲಿ ಆಗೋ ಕೆಲಸ. ಮಾಡಲಿಲ್ಲ. ಬ್ಯಾಗು ತುಂಬಿದೆ, ಅಡುಗೆಮನೆ ಒರೆಸಿದೆ, ಮತ್ತೆ ಒರೆಸಿದೆ. ಪಟ್ಟಿಯನ್ನ ಡಬ್ಬಿಗೆ ಹಾಕಿಕೊಂಡೆ.

ಸಿಡ್ನಿಗೆ ಹೋದ ಎರಡನೇ ದಿನವೇ ಬಿಚ್ಚಿ ಹೊಲಿದೆ. ಸುಮ್ಮನೆ ತಿರುಗಿಸಿ ಹಾಕೋ ಹಾಗಿರಲಿಲ್ಲ, ಕೋವಿಯ ಹಿಡಿ ಹಿಂದಕ್ಕೆ ಹೋಗ್ತಾ ಅಗಲ, ತಿರುಗಿಸಿದರೆ ಜಾರುತ್ತೆ. ಲೂಪು ಎಡಕ್ಕೆ, ಎರಡು ಬೆರಳು ಕೆಳಕ್ಕೆ. ಪೋಸ್ಟಲ್ಲಿ ಕಳಿಸು ಅಂತ ಚಿಕ್ಕ ಅಳಿಯನ ಕೈಗೆ ಕೊಟ್ಟೆ. ಅವನು ಹಾವು ಕೊಟ್ಟ ಹಾಗೆ ಹಿಂದೆ ಸರಿದ. "ಅತ್ತೆ, ಗನ್ನಿನ ಸಾಮಾನಾ? ಇಲ್ಲೇ ನೆಲೆಸೋಕೆ ನಮ್ಮ ಪಿಆರ್ ಅಪ್ಲಿಕೇಶನ್ ನಡೀತಿದೆ. ನನ್ನ ಹೆಸರಲ್ಲಿ ಇದು ಹೋಗೋದು ಬೇಡ." ಸೋಫಾದ ಚರ್ಮ ಕಣೋ ಅಂದೆ. ಮಗಳೂ ಅವನ ಕಡೆಗೇ. ಪೋಸ್ಟಾಫೀಸಿಗೆ ನಾನೇ ಹೋಗಬಹುದಿತ್ತು, ಅಡ್ರೆಸ್ ಇಂಗ್ಲಿಷಲ್ಲಿ ಬರೆಯೋಕೆ ಬರಲ್ಲ. ಪಕ್ಕದ ಮನೆಯವರ ಹತ್ತಿರ ಬರೆಸಬಹುದಿತ್ತು. ಪರೀಕ್ಷೆ ಮುಂದಿನ ತಿಂಗಳೇ ಅಂತ ಗೊತ್ತಿದ್ದೂ, ಮೂರು ತಿಂಗಳು ತಾನೇ ಅಂದುಕೊಂಡೆ...

ಒಂಬತ್ತನೇ ವಾರಕ್ಕೆ ದೊಡ್ಡ ಮಗಳು ಫೋನ್ ಮಾಡಿದಳು. ಯಜಮಾನರಿಗೆ ಮತ್ತೊಂದು ಸ್ಟ್ರೋಕ್, ಹೋಗಿಬಿಟ್ಟರು. ಬೆಳಗಿನ ಕಾಫಿ ಲೋಟ ಕೈಯಲ್ಲೇ ಇತ್ತಂತೆ.

ವಾಪಸ್ ಬಂದ ದಿನವೇ ಪಟ್ಟಿ ಹಿಡಿದುಕೊಂಡು ಹೋದೆ. ಗ್ಯಾರೇಜಿನಲ್ಲಿ ಕಬ್ಬಿಣದ ಪೆಟ್ಟಿಗೆಯ ಬಾಗಿಲು ತೆರೆದೇ ಇತ್ತು, ಒಳಗೆ ಸೊಸೆ ಪೇಂಟಿನ ಡಬ್ಬ ಇಟ್ಟಿದ್ದಳು. ಕೋವಿಯನ್ನ ಪೊಲೀಸರಿಗೆ ಒಪ್ಪಿಸಿಯಾಗಿತ್ತು. ಕಡೆಯ ಪರೀಕ್ಷೆಗೆ ಹೋಗಿದ್ದರಾ ಅಂತ ಕೇಳಿದೆ. "ಇಲ್ಲ ಆಂಟಿ" ಅಂದಳು. "ಟೈಲರಮ್ಮ ಬರಲಿ ಅಂತ ಕೂತಿದ್ರು. ಅಂಗಡೀದು ತರ್ತೀವಿ ಅಂದ್ರೆ ಬೇಡ ಅಂದ್ರು. ಡೇಟು ಹೋಯ್ತು, ಮೆಂಬರ್‌ಶಿಪ್ಪೂ ಹೋಯ್ತು."

"ಎರಡು ಗುಂಡು?"

ಮಗ ಟೈರಿನ ಹತ್ತಿರ ಏನೋ ಹುಡುಕುತ್ತಿದ್ದವನು ತಲೆ ಎತ್ತಲಿಲ್ಲ. "ಕ್ಲಬ್ಬಿಗೆ ಹೇಳಲಿಲ್ಲ ಆಂಟಿ. ಅಪ್ಪ ಹೋಗೋದು ನಿಲ್ಲಿಸಿದ್ರಲ್ಲ."

ಪಟ್ಟಿ ಕೊಡಲಿಲ್ಲ. ಯಾರಿಗೆ ಅಂತ ಕೊಡೋದು. ಸೆರಗಲ್ಲಿ ಮುಚ್ಚಿಕೊಂಡು ವಾಪಸ್ ಬಂದೆ. ಆಗಿನಿಂದ ನನ್ನ ಜೊತೆ ಟಾರ್ನೀಟ್‌ನಿಂದ ಸಿಡ್ನಿಗೆ, ಸಿಡ್ನಿಯಿಂದ ಟಾರ್ನೀಟ್‌ಗೆ ಓಡಾಡುತ್ತಿದೆ.

ಈಗ ಕಿಟಕಿ ಹತ್ತಿರ ಹಿಡಿದು ನೋಡಿದೆ. ಬಟ್ಟೆಯಾದರೆ ಬಿಚ್ಚಿದ ಹೊಲಿಗೆಯ ತೂತು ಒಂದು ಒಗೆತಕ್ಕೆ ಕೂಡಿಕೊಳ್ಳುತ್ತೆ. ಚರ್ಮ ಹಾಗಲ್ಲ. ಬಲಗಡೆಯ ತೂತುಗಳು ಸಾಲಾಗಿ ಹಾಗೇ ಇವೆ, ಬೆಳಕು ತೂರಿ ಬರುತ್ತೆ. ಎಡಗಡೆಯ ಎರಡು ಲೂಪು ಗಟ್ಟಿಯಾಗಿವೆ. ಎಳೆದು ನೋಡಿದೆ, ಎಡಗೈಯಲ್ಲೇ. ಸರಿಯಾಗಿದೆ. ಕೆನ್ನೆಗೆ ಒತ್ತೋದಿಲ್ಲ.